ಮೈಕಿನ ಎತ್ತರ

ಅಳು ಮುಗಿದೇಹೋಯಿತೇನೋ ಎಂಬ ಸಂಶಯ ಅವಳಿಗೆ ಬಂದದ್ದು ಈರುಳ್ಳಿ ಹೆಚ್ಚುವಾಗ. ಕಣ್ಣು ತುಂಬಿ ನೀರು ಕೆನ್ನೆಗೆ ಇಳಿದಾಗ, ಸದ್ಯ, ಇನ್ನೂ ಇದೆಯಲ್ಲ ಎಂದು ಸಮಾಧಾನವಾಯಿತು. ಮರುಗಳಿಗೆಯೇ ಆ ಸಮಾಧಾನಕ್ಕೆ ನಾಚಿಕೆಯಾಯಿತು. ಮಗಳು ಹೊಸ್ತಿಲ ಮೇಲೆ ಕೂತು ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದಳು. "ಅಮ್ಮ, ಅಳ್ತಿದೀಯಾ?" ಎಂದಳು. "ಈರುಳ್ಳಿ ಕಣೇ." "ನಿಜವಾಗ್ಲೂ ಅಳೋದಾದ್ರೆ ಹೇಳು, ಶೂ ಆಮೇಲೆ ಹಾಕ್ಕೋತೀನಿ." ಅವಳಿಗೆ ನಗು ಬಂತು. ನಗುವಂತೂ ಎಲ್ಲಿಗೂ ಹೋಗಿಲ್ಲ, ಕರೆದರೆ ಬರುತ್ತದೆ, ಕರೆಯದೆಯೂ ಬರುತ್ತದೆ. ಗಂಡ ಬೀಗದ ಕೈ ಹುಡುಕುತ್ತಾ ಅಡುಗೆಮನೆಗೆ ಇಣುಕಿ, "ಇವತ್ತೇ ಅಲ್ವಾ ನಿಮ್ಮ ಹೀರೋ ವಾಪಸ್ ಬರೋದು?" ಎಂದ. ಹೂಂ ಎಂದಳು. "ಒಳ್ಳೇದಾಯ್ತು ಬಿಡು. ಅತ್ತೂ ಅತ್ತೂ ಗಂಟಲು ಕೆಡಿಸ್ಕೊಂಡಿದ್ದೆ." ಅವನದು ಒಳ್ಳೆಯ ಮಾತೇ. ಬೀಗದ ಕೈ ಸಿಕ್ಕಿತು, ಹೋದ. ಒಳ್ಳೆಯ ಮಾತು ಆಡುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ತಿಳಿಯದೆ ಅವಳು ಮಿಕ್ಕ ಈರುಳ್ಳಿಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚಿದಳು.

ಬೇರೆ ಯಾವುದೋ ಭಾಷೆಯಲ್ಲಿ ತೆಗೆದ ಧಾರಾವಾಹಿಯ ನಾಯಕಿಗೆ ಕಂಠದಾನ ಮಾಡುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಆ ಹೆಣ್ಣು ತೆರೆದ ಬಾಯಿಗೆಲ್ಲ ಇವಳೇ ಮಾತು. ನಾಯಕನಿಗೆ ಮಾತಾಗಿದ್ದವರನ್ನು ಎಲ್ಲರೂ ದೊರೆ ಅನ್ನುತ್ತಿದ್ದರು. ಅವರೇ ಎಲ್ಲರನ್ನೂ, ನೆಲ ಒರೆಸುವವಳನ್ನೂ ಸೇರಿಸಿ, ದೊರೆ ಎಂದು ಕರೆಯುತ್ತಿದ್ದುದರಿಂದ ಆ ಹೆಸರು ತಿರುಗಿ ಅವರಿಗೇ ಅಂಟಿಕೊಂಡಿತ್ತು. ಪೇಟೆಯಲ್ಲಿ ಕನ್ನಡಕದ ಅಂಗಡಿ ಅವರದು. ಅಂಗಡಿ ತೆರೆಯುವ ಮೊದಲೇ ಬಂದು ತಮ್ಮ ಪಾಲಿನ ಮಾತು ಹೇಳಿ ಹೋಗಿಬಿಡುವರು. ಇವಳು ಮಗಳನ್ನು ಶಾಲೆಗೆ ಬಿಟ್ಟು, ಮನೆಕೆಲಸ ಮುಗಿಸಿ ಮಧ್ಯಾಹ್ನ ಹೋಗುವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಬೆಳಿಗ್ಗೆ ಅವರು ಬಿಟ್ಟುಹೋದ ದನಿ ಅಲ್ಲಿ ಕಾದಿರುತ್ತಿತ್ತು. ಮಾತಿಗೆ ಮುಂಚೆ ಒಂದು ಕೆಮ್ಮು, ಆಮೇಲೆ, "ಶುರು ಮಾಡೋಣ್ವಾ ದೊರೆ?" ಅದು ಪ್ರಸಾರಕ್ಕೆ ಹೋಗುವುದಿಲ್ಲ, ಕತ್ತರಿಸುತ್ತಾರೆ. ಅವಳೊಬ್ಬಳ ಕಿವಿಗೆ ಮಾತ್ರ. ಅದರ ಹಿಂದೆಯೇ ಪ್ರೇಮದ ಮಾತು. ಜೋಡಿ ಎಂದರೆ ಜೋಡಿ ಎಂದು ಊರೆಲ್ಲ ಹೊಗಳುತ್ತಿದ್ದ ಆ ಜೋಡಿ ಮುಖಾಮುಖಿ ನಿಂತದ್ದು ಬೆರಳೆಣಿಕೆಯಷ್ಟು ಸಲ. ಮೊದಲ ಸಲ ನೋಡಿದಾಗ ಅವಳು ಅವರ ತಲೆಯ ಮೇಲೆ, ಆ ದನಿಗೆ ತಕ್ಕ ಎತ್ತರದಲ್ಲಿ, ಮುಖ ಹುಡುಕಿದ್ದಳು. ಮುಖ ಅವಳ ಭುಜದ ಹತ್ತಿರ ಇತ್ತು. ಬಕ್ಕತಲೆ, ಅಂಗಿಯ ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರು. "ನಿರಾಸೆ ಆಯ್ತಾ ದೊರೆ?" ಎಂದು ಅವರೇ ಕೇಳಿದ್ದರು. ಛೆ ಛೆ ಎಂದಿದ್ದಳು. ನಿರಾಸೆಯಾಗಿತ್ತು; ಅದಕ್ಕಿಂತ ಹೆಚ್ಚು ನಿರಾಳವೂ ಆಗಿತ್ತು, ಏನೋ ದೊಡ್ಡ ಗಂಡಾಂತರ ಪಕ್ಕದಲ್ಲೇ ಹಾದುಹೋದ ಹಾಗೆ.

ಅದೇನು ಪ್ರೀತಿಯೇ ಎಂದು ಯಾರಾದರೂ ಕೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಯಾರೂ ಕೇಳಲಿಲ್ಲ, ಆದ್ದರಿಂದ ನಗುವ ಸಂದರ್ಭವೂ ಬರಲಿಲ್ಲ. ಪ್ರತಿ ಮಧ್ಯಾಹ್ನ ಅವಳು ಮಾಡುತ್ತಿದ್ದ ಮೊದಲ ಕೆಲಸ ಮೈಕನ್ನು ಮೇಲಕ್ಕೆ ಏರಿಸುವುದು. ಅವರ ಬಾಯಿಯ ಎತ್ತರಕ್ಕೆ ನಿಂತಿರುತ್ತಿದ್ದ ಅದನ್ನು ತಿರುಪು ಸಡಿಲಿಸಿ ತನ್ನ ಬಾಯಿಯ ಎತ್ತರಕ್ಕೆ ತರುವಳು. ಬೆಳಿಗ್ಗೆ ಅವರು ಇಳಿಸಿರುತ್ತಾರೆ, ಮಧ್ಯಾಹ್ನ ಇವಳು ಏರಿಸುತ್ತಾಳೆ. ಒಂಬತ್ತು ವರ್ಷದ ಸಂಸಾರವೆಂದರೆ ಇಷ್ಟೇ. ಇನ್ನೊಂದಿತ್ತು, ಅದನ್ನು ಅವಳು ತನಗೂ ಜೋರಾಗಿ ಹೇಳಿಕೊಂಡದ್ದಿಲ್ಲ. ಮುಖ್ಯವಾದ ಮಾತು ಬಂದಾಗ, ಪರದೆಯ ಮೇಲೆ ನಾಯಕ ತುಟಿ ಬಿಚ್ಚುವ ಮುನ್ನವೇ, ದೊರೆ ಒಂದು ಸಣ್ಣ ಉಸಿರು ತೆಗೆದು ಕಾಯುತ್ತಿದ್ದರು. ಎದುರಿನವಳು ಪೂರ್ತಿ ಮುಗಿಸಿದಳೋ ಇಲ್ಲವೋ, ಮನಸ್ಸಿನಲ್ಲಿ ಇನ್ನೂ ಏನಾದರೂ ಉಳಿದಿದೆಯೋ ಎಂದು ನೋಡಿಕೊಂಡು ಆಮೇಲೆ ಮಾತಾಡುವವರ ಹಾಗೆ. ಹೆಂಗಸರೆಲ್ಲ ಆ ಕಾಯುವಿಕೆಗೇ ಮನಸೋತದ್ದು ಎಂದು ಡಬ್ಬಿಂಗ್ ಮೇಷ್ಟ್ರು ಹೇಳುತ್ತಿದ್ದರು. ಮನೆಯಲ್ಲಿ ಅವಳ ಮಾತು ಮುಗಿಯುವ ತನಕ ಕಾದವರು ಕಡಿಮೆ. ಗಂಡ ಕೆಟ್ಟವನಲ್ಲ, ಅವಳ ವಾಕ್ಯದ ಕೊನೆ ಅವನಿಗೆ ಮೊದಲೇ ಗೊತ್ತಿರುತ್ತಿತ್ತು, ಅಷ್ಟೇ. ಬೆಳಿಗ್ಗೆ ಖಾಲಿ ಕೋಣೆಯಲ್ಲಿ ನಿಂತು, ಮಧ್ಯಾಹ್ನ ಬರಲಿರುವವಳಿಗಾಗಿ ಒಬ್ಬ ಮನುಷ್ಯ ಅಷ್ಟು ಹೊತ್ತು ಕಾದ ಎಂಬುದು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದ ಆಸ್ತಿ.

ಕತೆಯಲ್ಲಿ ನಾಯಕನ ದೋಣಿ ಮುಗುಚಿತು. ಅವನು ಸತ್ತನೆಂದು ಎಲ್ಲರೂ ತಿಳಿದರು. ನಾಯಕಿ ವಾರಗಟ್ಟಲೆ ಅತ್ತಳು, ಅಂದರೆ ಇವಳು ಅತ್ತಳು. ಬಿಕ್ಕಿ ಅತ್ತಳು, ಬಾಯಿ ಮುಚ್ಚಿಕೊಂಡು ಅತ್ತಳು, ಅವನ ಅಂಗಿ ಹಿಡಿದುಕೊಂಡು ಅತ್ತಳು. ಒಂದು ದಿನ ಓಣಿಯಂಥ ಆ ಕಾರಿಡಾರಿನಲ್ಲಿ ದೊರೆ ಎದುರಾದರು. ನೆನಪಿನ ದೃಶ್ಯವೊಂದಕ್ಕೆ ನಾಲ್ಕು ಮಾತು ಹೇಳಲು ಬಂದಿದ್ದರಂತೆ. "ನನಗೋಸ್ಕರ ಚೆನ್ನಾಗಿ ಅಳ್ತಿದೀರಂತೆ ದೊರೆ! ಸ್ವಲ್ಪ ಉಳಿಸ್ಕೊಳ್ಳಿ, ಮುಂದೆ ಬೇಕಾಗತ್ತೆ." "ಅದಕ್ಕೇನು ಬಡತನ? ಕೊಡಗಟ್ಟಲೆ ಇದೆ," ಎಂದು ಇವಳು ನಕ್ಕಳು. ಅವರೂ ನಕ್ಕರು. ಅದಾಗಿ ಕೆಲವೇ ದಿನಕ್ಕೆ ಅಂಗಡಿಯಲ್ಲಿ ಯಾರದೋ ಕನ್ನಡಕದ ಕಾಲು ಬಿಗಿಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲವಂತೆ. ಸುದ್ದಿ ಬಂದಾಗ ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಹಿಂಡಿದಳು. ಕಣ್ಣಿಂದ ಒಂದು ಹನಿ ಬರಲಿಲ್ಲ. ಸಾವನ್ನು ನಾನೇ ಕರೆದೆನೇ? ಬದುಕಿದ್ದ ಮನುಷ್ಯನನ್ನು ಹಗಲೆಲ್ಲ ಅತ್ತು ಅತ್ತು, ದುಡ್ಡು ತೆಗೆದುಕೊಂಡು ಅತ್ತು, ಕಳಿಸಿಬಿಟ್ಟೆನೇ? ಹುಚ್ಚು ಯೋಚನೆ ಎಂದು ಗೊತ್ತಿತ್ತು. ಹುಚ್ಚು ಎಂದು ಗೊತ್ತಿರುವ ಯೋಚನೆಗೇ ಬಾಗಿಲು ಬಡಿಯುವ ಅಭ್ಯಾಸ ಹೆಚ್ಚು.

ಸ್ಟುಡಿಯೋಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜಿಗೆ ತಲೆ ಆನಿಸಿ ಕೂತಾಗ ದೊರೆಯ ಸಾವಿಗೆ ಹೋಗಿದ್ದ ದಿನ ಮತ್ತೆ ನೆನಪಿಗೆ ಬಂತು. ಅದು ಬಂದರೆ ಅವಳ ಕಿವಿ ಇನ್ನೂ ಬಿಸಿಯಾಗುತ್ತದೆ. ದೊರೆಯ ಮನೆ, ಗೋಡೆಗೆ ಒತ್ತಿಕೊಂಡು ಕೂತ ನೆಂಟರು, ಕಿಟಕಿಯ ಕೆಳಗೆ ಅವರ ಹೆಂಡತಿ, ಇವಳು ಮೊದಲ ಸಲ ನೋಡಿದ್ದು. ದಪ್ಪ ಕನ್ನಡಕ, ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈಗಳು. ಇವಳು ಬಗ್ಗಿ ಆ ಕೈ ಹಿಡಿದು, "ಹೀಗಾಗಬಾರದಿತ್ತು," ಎಂದಳು. ಬಾಯಿಂದ ಬಂದದ್ದು ಅವಳ ದನಿಯಲ್ಲ. ನಾಯಕಿಯ ದನಿ. ಒಂದು ಮಟ್ಟ ಮೇಲೆ, ಜೇನಿನಲ್ಲಿ ಅದ್ದಿದ ಹಾಗೆ, ಕೊನೆಯ ಅಕ್ಷರದಲ್ಲಿ ಅಳತೆ ಮಾಡಿಟ್ಟ ನಡುಕ. ಕೋಣೆಯ ತಲೆಗಳೆಲ್ಲ ತಿರುಗಿದವು. ಮುದುಕಿಯೊಬ್ಬಳು, "ಅಯ್ಯೋ, ಟಿವಿಯವಳು! ದೋಣಿ ಮುಗುಚಿದಾಗ ಅತ್ತವಳು ಇವಳೇ ಕಣ್ರೇ!" ಎಂದು ಪಕ್ಕದವಳನ್ನು ತಿವಿದಳು. ಯಾರೋ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ನಾಲಿಗೆ ಕಚ್ಚಿಕೊಂಡು ತನ್ನ ದನಿ ಹುಡುಕಿದರೆ ಅದು ಎಲ್ಲೂ ಇಲ್ಲ, ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಹಾಗೆ. ದೊರೆಯ ಹೆಂಡತಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು, ಬಹಳ ಹೊತ್ತು. ನಾಟಕದವಳು ಎಂದುಕೊಂಡಳೋ, ಅದಕ್ಕಿಂತ ಕೆಟ್ಟದ್ದೇನಾದರೂ ಊಹಿಸಿದಳೋ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡು, ಬಾಯಿ ತಪ್ಪಿತು. ನಮ್ಮ ಕಡೆಯವರೇನಲ್ವಲ್ಲ," ಎಂದ. ನಿಜ, ನಮ್ಮ ಕಡೆಯವರಲ್ಲ. ಯಾವ ಕಡೆಯವರೂ ಅಲ್ಲ. ಅಕ್ಕನಲ್ಲ, ತಂಗಿಯಲ್ಲ, ಗೆಳತಿ ಎನ್ನುವಷ್ಟು ಮಾತಾಡಿದವಳಲ್ಲ. ಸತ್ತವರಿಗೆ ಏನಾಗಬೇಕು ಎಂದು ಕೇಳಿದರೆ ಹೇಳಲು ಒಂದು ಪದವಿಲ್ಲದವಳು ಯಾವ ದನಿಯಲ್ಲಿ ಅಳಬೇಕು?

ಸ್ಟುಡಿಯೋದಲ್ಲಿ ಮೈಕು ಅವಳ ಹಣೆಯ ಎತ್ತರಕ್ಕೆ ನಿಂತಿತ್ತು. ಅವಳು ಅಭ್ಯಾಸಬಲದಿಂದ ಮೇಲೆ ಎತ್ತಲು ಹೋದ ಕೈ ನಿಲ್ಲಿಸಿ, ತಿರುಪು ಸಡಿಲಿಸಿ, ಕೆಳಗಿಳಿಸಿದಳು. ಇಳಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ತಾನಾಗಿ ಜಾರುತ್ತದೆ, ಹಿಡಿದುಕೊಳ್ಳಬೇಕು. ಬೆಳಿಗ್ಗೆ ಹೊಸಬ ಬಂದು ಮಾತು ಹೇಳಿಹೋಗಿದ್ದ. ಹೊಸಬನೇನಲ್ಲ, ಪ್ರತಿ ಧಾರಾವಾಹಿಯಲ್ಲೂ ಇನ್‌ಸ್ಪೆಕ್ಟರಿಗೆ ದನಿ ಕೊಟ್ಟೂ ಕೊಟ್ಟೂ ಪೊಲೀಸಪ್ಪ ಎಂದೇ ಹೆಸರಾದವನು, ಬಾಗಿಲಿಗೆ ತಲೆ ತಾಗುವ ಆಳು. ಗಾಜಿನ ಆಚೆ ಮೇಷ್ಟ್ರ ಪಕ್ಕದಲ್ಲಿ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಬಂದವನ ಹಾಗೆ ಮಂಡಿ ಅಲುಗಿಸುತ್ತಿದ್ದ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಕೆಮ್ಮಿಲ್ಲ. ಶುರು ಮಾಡೋಣ್ವಾ ಎಂದು ಕೇಳುವವರಿಲ್ಲ. ಪರದೆಯ ಮೇಲೆ ನಾಯಕಿ ಬಾಗಿಲು ತೆರೆದಳು. ಹೊರಗೆ ಗಡ್ಡ ಬೆಳೆದ ನಾಯಕ ನಿಂತಿದ್ದಾನೆ, ಹಾಗೇ, ಗುಂಡುಕಲ್ಲಿನ ಹಾಗೆ. ಆ ನಟನಿಗೆ ಎಲ್ಲೋ ದೂರದಲ್ಲಿ ಏನೂ ಆಗಿಲ್ಲ. ತನ್ನ ದನಿ ಸತ್ತದ್ದು ಅವನಿಗೆ ಗೊತ್ತೂ ಇಲ್ಲ. ನಾಯಕಿಯ ಬಾಯಿ ತೆರೆಯಿತು. "ಬಂದೆಯಾ?" ಎಂದಳು ಇವಳು.

"ಅಮ್ಮಾ ತಾಯಿ," ಎಂದರು ಮೇಷ್ಟ್ರು ಕಿವಿಯೊಳಗೆ. "ಸತ್ತವನು ಬದುಕಿ ಬಂದಿದಾನೆ. ನೀನು ಗ್ಯಾಸ್ ಸಿಲಿಂಡರ್ ಬಂದ ಹಾಗೆ ಬಂದೆಯಾ ಅಂದ್ರೆ ಹೇಗೆ?"

ಮತ್ತೆ. ಅವನ ಉತ್ತರ ಬಂತು: ಮೂಗಿನಿಂದ ಸಣ್ಣ ಉಸಿರು, ಕಾಯುವಿಕೆ, ಆಮೇಲೆ, "ಬಂದೆ. ನೀನು ಕಾಯ್ತಿರ್ತೀಯ ಅಂತ ಗೊತ್ತಿತ್ತು." ಪೊಲೀಸಪ್ಪ ಶ್ರದ್ಧೆಯಿಂದ ಕಲಿತಿದ್ದ. ಉಸಿರು ಸರಿಯಾಗಿತ್ತು, ಕಾದದ್ದೂ ಸರಿಯಾಗಿ ಅಷ್ಟೇ ಹೊತ್ತು. ಆ ಕಾಯುವಿಕೆಯ ಒಳಗೆ ಯಾರೂ ಇರಲಿಲ್ಲ. ಮನೆಯವರು ಊರಿಗೆ ಹೋದ ಮೇಲೆ ಅವರ ಚಪ್ಪಲಿ ಬಾಗಿಲಲ್ಲಿ ಜೋಡಿಸಿಟ್ಟ ಹಾಗೆ. ಮತ್ತೆ ಮಾಡಿದಳು, ಮತ್ತೆ. ಒಂದು ಸಲ ಸಂತೋಷ ಜಾಸ್ತಿಯಾಗಿ ಕಿರುಚಿದ ಹಾಗಾಯಿತು, ಒಂದು ಸಲ ಮಾತು ನಾಯಕಿಯ ತುಟಿಗೆ ಕೂಡಲಿಲ್ಲ. ಮೇಷ್ಟ್ರು ಒಳಗೇ ಬಂದರು, ದನಿ ತಗ್ಗಿಸಿದರು. "ನೋಡು, ನನಗೂ ಸಂಕಟ ಇಲ್ವಾ? ಆದ್ರೆ ಚಾನೆಲ್‌ನೋರು ಹೇಳಿಬಿಟ್ಟಿದಾರೆ, ಜೋಡಿ ಕೂಡದೇ ಇದ್ರೆ ಎರಡೂ ದನಿ ಹೊಸದು ಮಾಡಿ ಅಂತ. ಇವತ್ತು ಸಾಯಂಕಾಲ ಕಳಿಸ್ಬೇಕು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಗಾಜಿನ ಆಚೆ ನೋಡಿದಳು. ಪೊಲೀಸಪ್ಪ ಎದ್ದು ನಿಂತು, ತಪ್ಪು ತನ್ನದೇ ಎನ್ನುವ ಹಾಗೆ ಎರಡೂ ಕೈ ಜೋಡಿಸಿದ. ಇಷ್ಟು ದೊಡ್ಡ ಆಳು ಇಷ್ಟು ಚಿಕ್ಕದಾಗಿ ನಿಂತದ್ದು ಕಂಡು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅವಳ ಕೆಲಸ ಹೋದರೆ ಹೋಗಲಿ, ಬೇರೆ ಸಿಕ್ಕೀತು. ಆದರೆ ನಾಳೆಯಿಂದ ಆ ಹೆಣ್ಣಿನ ಬಾಯಿಗೆ ಬೇರೆ ಯಾರೋ ಮಾತು ಇಟ್ಟರೆ, ದೊರೆ ಒಂಬತ್ತು ವರ್ಷ ಕಾದು ಕಾದು ಮಾತಾಡಿದ್ದು ಯಾರ ಜೊತೆ ಎಂದು ನೆನಪಿಟ್ಟುಕೊಳ್ಳುವವರು ಯಾರು?

"ಅವನ ದನಿ ನಿಲ್ಲಿಸಿ," ಎಂದಳು. "ನನ್ನ ಕಿವಿಗೆ ಏನೂ ಬೇಡ. ಬರೀ ಚಿತ್ರ ಬಿಡಿ."

"ಮತ್ತೆ ಗ್ಯಾಪು ಹೇಗೆ ಗೊತ್ತಾಗತ್ತೆ?"

"ಗೊತ್ತಾಗತ್ತೆ."

ಕಿವಿಯಲ್ಲಿ ಹತ್ತಿ ತುಂಬಿದಂಥ ಮೌನ. ಬಾಗಿಲು ತೆರೆಯಿತು. ಅವಳು ಪರದೆಯನ್ನು ನೋಡಿದರೂ ನೋಡಲಿಲ್ಲ. ನೋಟ ತಾನಾಗಿ ತನ್ನ ಭುಜದ ಎತ್ತರಕ್ಕೆ ಇಳಿಯಿತು, ಅಲ್ಲಿ ಬಕ್ಕತಲೆಯೊಂದು ಇರಬೇಕಾದ ಜಾಗಕ್ಕೆ. ಖಾಲಿ ಮೌನದಲ್ಲಿ ಯಾರೋ ಸಣ್ಣಗೆ ಉಸಿರೆಳೆದುಕೊಂಡರು. ಕಾದರು. "ಬಂದೆಯಾ?" ಎಂದಳು; ಆ ದನಿಯೊಳಗಿನ ಹಿಗ್ಗು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ, ಪಾತ್ರೆಯಿಂದ ಉಕ್ಕಿ ಒಲೆಗೆ ಸುರಿಯುವ ಹಾಲಿನ ಹಾಗೆ ಬಂತು. ಮೌನದಲ್ಲಿ ಅವರು ಹೇಳಬೇಕಾದ್ದೆಲ್ಲ ಹೇಳಿ ಮುಗಿಸುವ ತನಕ ನಿಂತಳು. "ನೀನು ಬರ್ತೀಯ ಅಂತ ನನಗೂ ಗೊತ್ತಿತ್ತು," ಎಂದಳು, ನಕ್ಕಳು, ನಾಯಕಿಯ ತುಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟಿದ್ದರು. "ಬಂಗಾರ! ಇದು! ಇದೇ!" ಎರಡು ದನಿಯನ್ನೂ ಕೂಡಿಸಿ ಎಲ್ಲರಿಗೂ ಕೇಳಿಸಿದರು. ಈಗ ಅವಳ ಹಿಗ್ಗೆಲ್ಲ ಪೊಲೀಸಪ್ಪನ ಕಡೆಗೆ ಹರಿಯಿತು. ಅವನು ಕಣ್ಣರಳಿಸಿ, "ಅಕ್ಕ, ನನಗೇ ಹೇಳ್ದಂಗಿತ್ತಲ್ಲ!" ಎಂದ. "ಮತ್ತೆ ಇನ್ಯಾರಿಗೋ?" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಕರೆದರೆ ಬರುತ್ತದಲ್ಲ.

ಹೊರಗೆ ಬಿಸಿಲು ಇನ್ನೂ ಇತ್ತು. ಸತ್ತವರನ್ನು ಒಂದು ಗಳಿಗೆ ಎಬ್ಬಿಸಿ ತಂದು, ಅವರಿಗಾಗಿ ಒಂದು ಹನಿ ಸುರಿಸದೆ, ಕೆಲಸ ಮುಗಿಸಿಕೊಂಡು ಕಳಿಸಿಬಿಟ್ಟೆ ಎಂದು ಅನಿಸಿತು. ಹಾಗೆ ಬಂದರಲ್ಲ, ಎಷ್ಟು ಸಲೀಸಾಗಿ ಬಂದರು, ಮಗಳನ್ನು ಊಟಕ್ಕೆ ಕರೆದರೂ ಅಷ್ಟು ಬೇಗ ಬರುವುದಿಲ್ಲ. ಅವಳ ಬಸ್ಸು ಬಂತು. ಹತ್ತಲಿಲ್ಲ. ಕಾಲು ದೊರೆಯ ಮನೆಯ ಬೀದಿಗೆ ತಿರುಗಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮೆಲ್ಲಗೆ ಹೇಳಿಕೊಂಡಳು: ಅವತ್ತು ಬಾಯಿ ತಪ್ಪಿತು, ಮನಸ್ಸಿಗೆ ಹಚ್ಕೋಬೇಡಿ. ಪ್ರತಿ ಸಲವೂ ಅದು ಇನ್ನಷ್ಟು ಚೆನ್ನಾಗಿ ಬಂತು, ಅದೇ ಭಯ. ಬಾಗಿಲು ತೆರೆದೇ ಇತ್ತು. ನೆಂಟರೆಲ್ಲ ಹೊರಟುಹೋಗಿ ಕೋಣೆ ಅವತ್ತಿಗಿಂತ ಚಿಕ್ಕದಾಗಿ ಕಂಡಿತು. ಒಳಗಿನ ಮಬ್ಬಿನಲ್ಲಿ ದೊರೆಯ ಹೆಂಡತಿ ಸ್ಟೂಲಿನ ಮೇಲೆ ನಿಂತು ಎರಡು ಕೈಯನ್ನೂ ಮೇಲೆತ್ತಿ ಕೆಟ್ಟ ಬಲ್ಬನ್ನು ಬಿಡಿಸಲು ಒದ್ದಾಡುತ್ತಿದ್ದಳು. ತಿರುಗದೆಯೇ, "ಯಾರು? ಯಾರಾದ್ರೂ ಆಗ್ಲಿ, ಮೊದಲು ಬಂದು ಈ ಸ್ಟೂಲ್ ಹಿಡ್ಕೊಳ್ಳಿ," ಎಂದಳು. "ಒಂದು ಕಾಲು ಗಿಡ್ಡ ಇದಕ್ಕೆ. ಸರಿ ಮಾಡ್ತೀನಿ ಮಾಡ್ತೀನಿ ಅಂತ ಹೇಳ್ತಾನೇ ಹೋದ್ರು."

ಅವಳು ಕೆಳಗೆ ಕೂತು ಸ್ಟೂಲಿನ ಕಾಲುಗಳನ್ನು ಹಿಡಿದುಕೊಂಡಳು. ಕಣ್ಣೆದುರಿಗೆ ಆ ಹೆಂಗಸಿನ ಹಿಮ್ಮಡಿ, ಅದರ ಬಿರುಕು. "ನಾನು," ಎಂದಳು. ಮುಂದೆ ಪದವಿರಲಿಲ್ಲ.

"ಗೊತ್ತಾಯ್ತು ಬಿಡಿ. ಆ ದನಿ ಗೊತ್ತಾಗದೇ ಇರತ್ತಾ?" ಮೇಲಿನಿಂದ ಧೂಳು ಉದುರಿತು. "ಅವತ್ತು ನೀವು ಬಂದು ಮಾತಾಡಿದ್ರಲ್ಲ, ನನಗೆ ಒಂಥರಾ ಆಗಿಹೋಯ್ತು. ಒಂಬತ್ತು ವರ್ಷ ನಿಮ್ಮ ಮಾತೆಲ್ಲ ಆಡಿದ್ದು ನಾನಲ್ವಾ, ಅದು ನಿಮ್ಮ ಬಾಯಲ್ಲಿ ಎಷ್ಟು ಚೆನ್ನಾಗಿದೆ ಅಂತ."

"ನನ್ನ ಮಾತು?"

"ಹೇಳಿಲ್ವಾ ನಿಮಗೆ? ರಾತ್ರಿ ಅಭ್ಯಾಸ ಮಾಡೋಕೆ ಮಾತಿನ ಪುಟ ತರ್ತಿದ್ರು. ಅವರದ್ದು ಅವರು ಓದೋರು, ನಿಮ್ಮದು ನಾನು. ನನಗೆ ಕಣ್ಣು ಮಂದ, ಕೂಡಿಸಿ ಕೂಡಿಸಿ ಓದ್ಬೇಕು, ಪಾತ್ರೆ ತೊಳೀತಾ ತೊಳೀತಾ ಒದ್ದೆ ಕೈಯಲ್ಲಿ ಪುಟ ಬೇರೆ ತಿರುವ್ಬೇಕು. ಕಾಯ್ತಿದ್ರು ಪಾಪ. ಕಾದು ಕಾದು ಅವರಿಗೆ ಅದೇ ರೂಢಿ ಆಗ್ಬಿಟ್ಟಿತ್ತು, ಮಾತಿಗೆ ಮುಂಚೆ ಒಂದು ಉಸಿರು ತಗೊಂಡು ಸುಮ್ಮನೆ ನಿಲ್ಲೋದು. ಅದನ್ನೇ ಜನ ಹೊಗಳ್ತಾರೆ ಕಣೆ, ನಿನ್ನ ಸೋಡಾಬುಡ್ಡಿ ಕನ್ನಡಕದ ಮಹಿಮೆ ಅಂತ ನಗ್ತಿದ್ರು."

ಅವಳ ಸೆರಗಿನ ಗಂಟು ತಾನಾಗಿ ಬಿಚ್ಚಿಕೊಂಡಿತು. ಒಳಗಿದ್ದದ್ದು ಮೊದಲಿನಿಂದಲೂ ಇನ್ನೊಬ್ಬಳದ್ದು. ಕಾದದ್ದು ಇವಳಿಗಾಗಿ, ಈ ಬಿರುಕು ಹಿಮ್ಮಡಿಯವಳಿಗಾಗಿ. ನೋವಾಗಲು ಕಾದಳು. ನೋವೂ ಆಯಿತು. ಆದರೆ ಅದರ ಪಕ್ಕದಲ್ಲೇ ಇನ್ನೇನೋ, ಹಗುರವಾದದ್ದು: ಹಾಗಾದರೆ ಆ ಕಾಯುವಿಕೆ ಸುಳ್ಳಾಗಿರಲಿಲ್ಲ. ಖಾಲಿ ಕೋಣೆಯಲ್ಲಿ ಯಾರೂ ಖಾಲಿಯಾಗಿ ಕಾದಿರಲಿಲ್ಲ.

"ಒಂದು ಕೇಳ್ಲಾ?" ಎಂದಳು ಮೇಲಿದ್ದವಳು. ಹಳೆಯ ಬಲ್ಬು ಈಗ ಅವಳ ಕಂಕುಳಲ್ಲಿತ್ತು, ಹೊಸದು ಕೈಯಲ್ಲಿ. "ಅವನು ವಾಪಸ್ ಬರ್ತಾನಾ? ದೋಣಿ ಮುಗುಚಿದ ಮೇಲೆ ನಮಗೆ ಪುಟಗಳೇ ಬರಲಿಲ್ಲ ನೋಡಿ. ನೆನಪಿನ ಸೀನಿಂದು ಏನೋ ನಾಲ್ಕು ಮಾತು ಬಂತು, ಅಷ್ಟೇ. ಬರ್ತಾನೋ ಇಲ್ವೋ ಅಂತ ಕೇಳಿದ್ರೆ, ಮೇಷ್ಟ್ರು ಬಾಯಿ ಬಿಡಲ್ಲ ಕಣೆ ಅಂತಿದ್ರು. ನಾವು ಅಲ್ಲಿಗೇ ನಿಂತುಬಿಟ್ವಿ. ಟಿವಿ ಹಾಕೋಕೆ ನನ್ನ ಕೈಲಿ ಆಗ್ತಿಲ್ಲ. ನೀವು ಅಷ್ಟು ಹೇಳಿಬಿಡಿ."

ನಾಯಕಿಯ ದನಿ ಗಂಟಲ ಬಾಗಿಲಿಗೆ ಬಂದು, ತಲೆ ಬಾಚಿಕೊಂಡು, ಸಿದ್ಧವಾಗಿ ನಿಂತಿತ್ತು. ಅವಳು ಅದನ್ನು ತಡೆದಳು. ಕಾದಳು. ಕಣ್ಣು ಮಂದವಾದವಳೊಬ್ಬಳು ಒದ್ದೆ ಕೈಯಲ್ಲಿ ಪುಟ ತಿರುವುವಷ್ಟು ಹೊತ್ತು ಕಾದಳು.

"ಬಂದ," ಎಂದಳು. ಒರಟಾಗಿ, ಒಡೆದು ಬಂತು, ದಿನಾ ಬೆಳಿಗ್ಗೆ ಶೂ ಹಾಕ್ಕೊಳ್ಳೇ ಎಂದು ಮಗಳನ್ನು ಗದರುವ ದನಿ. "ಬಂದ. ಗಡ್ಡ ಬಿಟ್ಕೊಂಡಿದ್ದ. ಬಾಗಿಲಲ್ಲೇ ನಿಂತಿದ್ದ."

"ಏನಂದ?"

"ಬಂದೆ ಅಂದ. ನೀನು ಕಾಯ್ತಿರ್ತೀಯ ಅಂತ ಗೊತ್ತಿತ್ತು ಅಂದ."

ಮೇಲೆ ತಿರುಗುತ್ತಿದ್ದ ಬಲ್ಬು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಂದು ಹನಿ ಬಂದು ಸ್ಟೂಲು ಹಿಡಿದ ಇವಳ ಮಣಿಕಟ್ಟಿನ ಮೇಲೆ ಬಿತ್ತು. ಇವಳು ತಲೆ ಎತ್ತಲಿಲ್ಲ. ಇವಳ ಗಲ್ಲದಿಂದಲೂ ನೆಲಕ್ಕೆ ಹನಿಯುತ್ತಿತ್ತು. ಗಿಡ್ಡ ಕಾಲಿನ ಸ್ಟೂಲು, ಬಿಡುವಂತಿರಲಿಲ್ಲ. ಮೇಲಿನವಳು ಬಲ್ಬು ಬಿಡುವಂತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಇಬ್ಬರಿಗೂ ಕೈ ಖಾಲಿ ಇರಲಿಲ್ಲ.